ಬರದ ನಾಡಿನಲ್ಲಿ ಉದ್ಯಮದ ಬೇರು



ವಿಜಯಪುರದಿಂದ ಅಥಣಿಯ ದಾರಿ ಹಿಡಿದು ಪಶ್ಚಿಮಕ್ಕೆ ಹೊರಟವರಿಗೆ ಮೊದಲು ಎದುರಾಗುವುದು ತೊರವಿ. ಅದನ್ನು ದಾಟಿ ಇನ್ನಷ್ಟು ದೂರ ನಡೆದರೆ ತಿಕೋಟಾ. ಮಾಘ ಫಾಲ್ಗುಣಗಳ ಬಿಸಿಲಿನಲ್ಲಿ ಈ ದಾರಿಯ ಇಕ್ಕೆಲಗಳಲ್ಲಿ ಉದ್ದನೆಯ ಶೆಡ್ಡುಗಳು ಕಾಣಸಿಗುತ್ತವೆ. ಪಕ್ಕಗಳಲ್ಲಿ ಹಸಿರು ಪರದೆ, ಒಳಗೆ ಅಂತಸ್ತು ಅಂತಸ್ತಾಗಿ ಬಿಗಿದ ಬಲೆ, ಅದರ ಮೇಲೆ ಹರಡಿದ ದ್ರಾಕ್ಷಿ. ಹದಿನೈದು ಇಪ್ಪತ್ತು ದಿನಗಳಲ್ಲಿ ಅದು ಒಣಗಿ ಮನೂಕವಾಗುತ್ತದೆ. ಅರ್ಧ ಶತಮಾನದ ಹಿಂದೆ ಇದೇ ದಾರಿಯಲ್ಲಿ ಕಾಣುತ್ತಿದ್ದುದು ಬಿಳಿಜೋಳ, ಕುಸುಬೆ, ಕಡಲೆ. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ, ಬರಿಯ ಬಿರುಕುಬಿಟ್ಟ ನೆಲ.

ಈ ಶೆಡ್ಡುಗಳನ್ನು ಕಟ್ಟಿದವರು ಬಹುಮಟ್ಟಿಗೆ ಆ ಜೋಳ ಬಿತ್ತುತ್ತಿದ್ದ ಮನೆತನಗಳ ಮಕ್ಕಳೇ. ಅವರನ್ನು ಈ ಹೊಸ ಕೆಲಸಕ್ಕೆ ಹಚ್ಚಿದ್ದು ಯಾವುದು? ಇದ್ದುದನ್ನು ಬಿಟ್ಟು ಇಲ್ಲದುದಕ್ಕೆ ಕೈಹಾಕುವ ಮನಸ್ಸು ಮನುಷ್ಯನಿಗೆ ಏಕೆ ಬರುತ್ತದೆ? ಇಂದಿನ ನನ್ನ ಮಾತು ಈ ಪ್ರಶ್ನೆಯನ್ನು ಕುರಿತದ್ದು. ನಾನು ಅರ್ಥಶಾಸ್ತ್ರದವನಲ್ಲ, ಕನ್ನಡದ ಮೇಷ್ಟ್ರು. ಆದರೆ ನಮ್ಮ ನಾಡಿನ ಚರಿತ್ರೆಯನ್ನು ಓದುತ್ತ ಈ ಪ್ರಶ್ನೆಗೆ ಒಂದು ಉತ್ತರ ನನಗೆ ದೊರಕಿದೆಯೆಂದು ತೋರುತ್ತದೆ. ಅದನ್ನು ತಮ್ಮ ಮುಂದಿಡುತ್ತೇನೆ.

‘ಉದ್ಯಮ’ ಎಂಬ ಮಾತಿಗೆ ನಾವು ಇಂದು ಕಾರಖಾನೆ, ವ್ಯಾಪಾರ ಎಂಬ ಅರ್ಥ ಕೊಡುತ್ತೇವೆ. ಹಳೆಯ ಅರ್ಥ ಬರಿಯ ‘ಪ್ರಯತ್ನ’. ಮೇಲಕ್ಕೆ ಎತ್ತಲು ಹೂಡುವ ಬಲ ಎಂಬ ಭಾವ ಅದರ ಧಾತುವಿನಲ್ಲಿದೆ. ಪಶ್ಚಿಮದವರು ಈ ಬಲದ ಮೂಲವನ್ನು ಬಹುಕಾಲದಿಂದ ಹುಡುಕಿದ್ದಾರೆ. ಐರ್ಲೆಂಡಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಲೇವಾದೇವಿ ನಡೆಸಿದ ರಿಚರ್ಡ್ ಕ್ಯಾಂಟಿಲನ್ ಎಂಬಾತನ ಗ್ರಂಥವೊಂದು ಆತ ತೀರಿಹೋದ ಮೇಲೆ, 1755ರಲ್ಲಿ, ಪ್ರಕಟವಾಯಿತು. ಗೊತ್ತಿರುವ ಬೆಲೆ ಕೊಟ್ಟು ಕೊಂಡು, ಗೊತ್ತಿಲ್ಲದ ಬೆಲೆಗೆ ಮಾರಲು ಒಪ್ಪಿದವನೇ ಉದ್ಯಮಿ ಎಂಬುದು ಆತನ ವಿವರಣೆ. ಈ ಲೆಕ್ಕದಲ್ಲಿ ಆತ ಒಕ್ಕಲಿಗನನ್ನೂ ಉದ್ಯಮಿಗಳ ಸಾಲಿನಲ್ಲಿ ಕೂರಿಸಿದ. ಆಸ್ಟ್ರಿಯಾದ ಶುಂಪೀಟರ್ 1911ರ ತನ್ನ ಗ್ರಂಥದಲ್ಲಿ ಮೂರು ಪ್ರೇರಣೆಗಳನ್ನು ಗುರುತಿಸಿದ: ತನ್ನದೇ ಒಂದು ಚಿಕ್ಕ ರಾಜ್ಯ ಕಟ್ಟುವ ಕನಸು, ಗೆಲ್ಲುವ ಹಂಬಲ, ಹೊಸದನ್ನು ಮಾಡುವ ಸಂತೋಷ. ಅಮೆರಿಕದ ಮನಶ್ಶಾಸ್ತ್ರಜ್ಞ ಮೆಕ್‌ಕ್ಲೆಲಂಡ್ 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಾಧಿಸಬೇಕೆಂಬ ಒಳಗಿನ ಹಸಿವೇ ಎಲ್ಲಕ್ಕೂ ಮೂಲವೆಂದು ವಾದಿಸಿದ. ಆ ಹಸಿವನ್ನು ಕಲಿಸಿಕೊಡಬಹುದೆಂದು ತೋರಿಸಲು 1960ರ ದಶಕದಲ್ಲಿ ನಮ್ಮ ನೆರೆಯ ಆಂಧ್ರದ ಕಾಕಿನಾಡದ ವ್ಯಾಪಾರಿಗಳನ್ನು ಹೈದರಾಬಾದಿಗೆ ಕರೆಸಿ ತರಬೇತಿ ಕೊಡಿಸಿದ. ಹಿಂದಿರುಗಿದ ಮೇಲೆ ಅವರಲ್ಲಿ ಚಟುವಟಿಕೆ ಹೆಚ್ಚಿತು. ಆದರೆ ತಮ್ಮ ಅಂಗಡಿಯ ನಿರ್ಧಾರ ತಮ್ಮ ಕೈಯಲ್ಲೇ ಇದ್ದವರಲ್ಲಿ ಮಾತ್ರ ಆ ಫಲ ಎದ್ದು ಕಂಡಿತು. ಈ ಕೊನೆಯ ಸಂಗತಿಯನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಬೇಕಾಗುತ್ತದೆ.

ಈ ಪಂಡಿತರ ಮಾತನ್ನು ನಮ್ಮ ನೆಲದ ಮೇಲೆ ಇಟ್ಟು ನೋಡೋಣ. ಐಹೊಳೆ 1997ರವರೆಗೆ ನಮ್ಮ ಅವಿಭಜಿತ ವಿಜಾಪುರ ಜಿಲ್ಲೆಯೊಳಗಿನ ಊರು. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕಸಂಘದ ಹೆಸರು ದಕ್ಷಿಣ ಭಾರತದ ಉದ್ದಗಲಕ್ಕೂ ಶಾಸನಗಳಲ್ಲಿ ದೊರೆಯುತ್ತದೆ. ಅವರು ಎತ್ತು ಕತ್ತೆಗಳ ಮೇಲೆ ಸರಕು ಹೇರಿ ದೂರ ದೂರ ಹೋಗುತ್ತಿದ್ದರು. ತಮ್ಮ ಕಟ್ಟಳೆಗೆ ‘ಬಣಂಜುಧರ್ಮ’ವೆಂದು ಹೆಸರಿಟ್ಟುಕೊಂಡಿದ್ದರು. ಅವರು ಧೈರ್ಯಶಾಲಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಬ್ಬೊಬ್ಬನೇ ಹೋದವರಲ್ಲ, ಸಂಘವಾಗಿ ಹೋದವರು. ದಾರಿಯಲ್ಲಿ ಕಳ್ಳರು ಬಿದ್ದರೆ ಎದುರಿಸಲು ಜನ, ದೂರದ ಊರಿನಲ್ಲಿ ಇಳಿದುಕೊಳ್ಳಲು ತಮ್ಮವರ ನೆಲೆ ಇದ್ದವು.

ಮುಂದೆ ಆದಿಲಶಾಹಿಗಳ ಕಾಲ. 1603–04ರ ವೇಳೆಗೆ ಅಕ್ಬರನ ದೂತನಾಗಿ ವಿಜಾಪುರಕ್ಕೆ ಬಂದ ಅಸದ್ ಬೇಗ್ ಎಂಬವನು ಇಲ್ಲಿಯ ಪೇಟೆಯನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಅಗಲವಾದ ಬೀದಿ, ಕೋಸುಗಟ್ಟಲೆ ಉದ್ದದ ಅಂಗಡಿಸಾಲು, ಪ್ರತಿ ಅಂಗಡಿಯ ಮುಂದೆ ಒಂದೊಂದು ಹಸಿರು ಮರ, ಎಲ್ಲೆಲ್ಲೂ ಶುಚಿ. ಪೋರ್ಚುಗೀಸರ ಮೂಲಕ ದಕ್ಷಿಣಕ್ಕೆ ಬಂದ ತಂಬಾಕನ್ನು ಆತ ಕಂಡದ್ದು ಇದೇ ಊರಿನಲ್ಲಿ. ಅದನ್ನು ಅಕ್ಬರನ ಆಸ್ಥಾನಕ್ಕೆ ಒಯ್ದು ತೋರಿಸಿದವನೂ ಅವನೇ. ಅಂದರೆ ಹೊಸ ಸರಕು ದಿಲ್ಲಿ ಆಗ್ರಾಗಳಿಗಿಂತ ಮೊದಲು ನಮ್ಮ ಪೇಟೆಗೆ ಬರುತ್ತಿತ್ತು.

ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಅಷ್ಟು ದೊಡ್ಡ ಪೇಟೆ ಬೆಳೆಯಲು ಕಾರಣವೇನು? ಉತ್ತರ ನೆಲದ ಕೆಳಗಿದೆ. ತೊರವಿಯ ಕಡೆಯಿಂದ ನೀರನ್ನು ಸುರಂಗ ಕೊರೆದು ನಗರಕ್ಕೆ ತಂದರು. 1620ರಲ್ಲಿ ತಾಜ್ ಬಾವಡಿ, ಮಹಮ್ಮದ್ ಆದಿಲಶಾಹನ ಕಾಲದಲ್ಲಿ 1651ರ ಬೇಗಂ ತಲಾಬ್ ಆದವು. ಈಗ ಬಬಲೇಶ್ವರ ತಾಲ್ಲೂಕಿಗೆ ಸೇರಿದ ಮಮದಾಪುರದ ದೊಡ್ಡ ಕೆರೆಯೂ ಅದೇ ಸುಲ್ತಾನನ ಕಾಲದ್ದು. ನೀರಿನ ಜಾಡು ಹಿಡಿದು ನೇಕಾರ ಬಂದ, ಅಕ್ಕಸಾಲಿ ಬಂದ, ಅತ್ತರಿನವನು ಬಂದ.

ಇದೇ ಕಾಲದ ಇನ್ನೊಂದು ಪಾಠವೂ ಇದೆ. ತೊರವಿಯ ಬಳಿ 1599ರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹ ನೌರಸಪುರವೆಂಬ ಹೊಸ ನಗರಕ್ಕೆ ಅಡಿಪಾಯ ಹಾಕಿದ. ಸರದಾರರೂ ವರ್ತಕರೂ ಅಲ್ಲಿ ಮನೆ ಮಳಿಗೆ ಕಟ್ಟಬೇಕೆಂದು ಅಪ್ಪಣೆಯಾಯಿತು. ಕಟ್ಟಿದರು. ಆದರೆ ಅದರ ಕೋಟೆಗೋಡೆ ಪೂರ್ತಿಯಾಗಿರಲಿಲ್ಲ. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ದಂಡೆತ್ತಿ ಬಂದು ಅದನ್ನು ಹಾಳುಮಾಡಿದ; ಮತ್ತೆ ಅದು ಏಳಲಿಲ್ಲ. ಸುತ್ತು ಗೋಡೆಯಿದ್ದ ಹಳೆಯ ಊರಿನ ಪೇಟೆ ಉಳಿಯಿತು. ಅಪ್ಪಣೆಯಿಂದ ಅಂಗಡಿ ತೆರೆಸಬಹುದು. ಹಿಂದೆ ಕಾವಲಿಲ್ಲದಿದ್ದರೆ ಅಂಗಡಿ ನಿಲ್ಲುವುದಿಲ್ಲ.

1686ರಲ್ಲಿ ಔರಂಗಜೇಬನಿಗೆ ನಗರ ಸೋತ ಮೇಲೆ ಪೇಟೆ ಬಡವಾಯಿತು. ಸುರಂಗಗಳು ಹೂಳಿನಿಂದ ಮುಚ್ಚಿದವು. ಹಳ್ಳಿಗೆ ಉಳಿದದ್ದು ಮುಗಿಲು, ಮತ್ತು ಡೋಣಿ ನದಿಯ ಕರಿಯ ಎರೆ. ‘ಡೋಣಿ ಬೆಳೆದರೆ ಓಣಿಯೆಲ್ಲಾ ಜೋಳ’ ಎಂಬ ಗಾದೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಗಾದೆಯಲ್ಲಿ ಒಂದು ‘ರೆ’ ಇದೆ ಎಂಬುದನ್ನು ಮರೆಯುತ್ತೇವೆ. ಬೆಳೆಯದಿದ್ದರೆ?

ಬೆಳೆಯದಿದ್ದಾಗ ಏನಾಯಿತೆಂಬುದಕ್ಕೆ 1876ರಿಂದ 1878ರವರೆಗಿನ ಬರವೇ ಸಾಕ್ಷಿ. ಆಗ ಈ ಸೀಮೆಗೆ ಕಲಾದಗಿ ಜಿಲ್ಲೆಯೆಂದು ಹೆಸರು. ಜಿಲ್ಲೆಯ ಕಚೇರಿ ವಿಜಾಪುರಕ್ಕೆ ಬಂದದ್ದು 1885ರಲ್ಲಿ. 1872ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 8 ಲಕ್ಷ 16 ಸಾವಿರ. 1881ರಲ್ಲಿ ಸುಮಾರು 6 ಲಕ್ಷ 38 ಸಾವಿರ. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸತ್ತರು ಇಲ್ಲವೆ ಊರು ಬಿಟ್ಟರು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಅವಶ್ಯಕತೆಯೇ ಹೊಸತನದ ತಾಯಿ ಎಂದು ಶಾಲೆಯಲ್ಲಿ ಕಲಿಸುತ್ತೇವೆ. ಹಾಗಾದರೆ 1876ರಲ್ಲಿ ಇದ್ದಷ್ಟು ಅವಶ್ಯಕತೆ ಇನ್ನಾವಾಗ ಇತ್ತು? ಆ ವರ್ಷ ಈ ಜಿಲ್ಲೆಯ ತುಂಬ ಹೊಸ ಉದ್ಯಮಗಳು ಹುಟ್ಟಬೇಕಾಗಿತ್ತು. ಹುಟ್ಟಿದ್ದು ಗುಳೆ. ಜನರಲ್ಲಿ ಬದುಕುವ ಛಲ ಇರಲಿಲ್ಲವೆ? ಕೈಯಲ್ಲಿ ಕೂಸು ಹಿಡಿದು ನೂರಾರು ಮೈಲಿ ನಡೆದ ತಾಯಿಯಲ್ಲಿ ಛಲವಿಲ್ಲವೆಂದು ಯಾರು ಹೇಳಬಲ್ಲರು? ಕೊರತೆ ಮನುಷ್ಯನನ್ನು ಎಬ್ಬಿಸುತ್ತದೆ, ನಿಜ. ಎದ್ದವನು ಎತ್ತ ಹೋಗುತ್ತಾನೆ ಎಂಬುದನ್ನು ನಿರ್ಧರಿಸುವುದು ಅವನ ಬೆನ್ನ ಹಿಂದಿರುವ ಆಸರೆ. ಆಸರೆಯಿಲ್ಲದೆ ಎದ್ದವನು ಗುಳೆ ಹೋಗುತ್ತಾನೆ. ಆಸರೆಯಿದ್ದು ಎದ್ದವನು ಉದ್ಯಮ ಹೂಡುತ್ತಾನೆ. ನನಗೆ ದೊರಕಿದ ಉತ್ತರ ಇಷ್ಟೆ.

ಆ ಬರದ ನಂತರ, 1880ರ ದಶಕದಲ್ಲಿ, ಹೊಟಗಿಯಿಂದ ಗದಗಿಗೆ ವಿಜಾಪುರದ ಮೇಲೆ ರೈಲುಹಾದಿ ಬಂದಿತು. ಬರಗಾಲದಲ್ಲಿ ಧಾನ್ಯ ಸಾಗಿಸುವುದು ಅದರ ಒಂದು ಉದ್ದೇಶ. ಹತ್ತಿ, ಜೋಳಗಳಿಗೆ ದೂರದ ಪೇಟೆ ಸಿಕ್ಕಿತು. ಆದರೆ ಬಿತ್ತಲು ಹಣ ಬೇಕಾದವನು ಸಾವುಕಾರನ ಕಟ್ಟೆಯ ಮುಂದೆಯೇ ನಿಲ್ಲಬೇಕಾಗಿತ್ತು. 1875ರಲ್ಲಿ ಪುಣೆ, ಅಹಮದನಗರಗಳ ರೈತರು ಸಾಲದ ಪತ್ರಗಳನ್ನು ಕಸಿದು ಸುಟ್ಟಿದ್ದರು. ಸರಕಾರ ಕಾನೂನು ಮಾಡಿತು. ಸಾಲದ ಮೂಲ ಬದಲಾಗಲಿಲ್ಲ. ಬದಲಾವಣೆಗೆ ದಾರಿ ತೆರೆದದ್ದು 1904ರ ಸಹಕಾರಿ ಸಂಘಗಳ ಶಾಸನ. ಅದರ ಬೆನ್ನಲ್ಲೆ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಪತ್ತಿನ ಸಂಘವನ್ನು ಸ್ಥಾಪಿಸಿದರು. ದೇಶದಲ್ಲಿ ಅದೇ ಮೊದಲನೆಯದು.

ಅದೇ 1904ರಲ್ಲಿ ಒಬ್ಬ ತರುಣ ವಕೀಲರು ವಿಜಾಪುರಕ್ಕೆ ಬಂದು ನೆಲೆಸಿದರು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ವಚನಪಿತಾಮಹರೆಂದು ನಾವು ಕೈಮುಗಿಯುವ ಈ ಹಿರಿಯರನ್ನು ಉದ್ಯಮಿ ಎಂದು ಕರೆದರೆ ಕೆಲವರಿಗೆ ಕಸಿವಿಸಿಯಾಗಬಹುದು. ಆದರೆ ಅವರು ಮಾಡಿದ ಕೆಲಸಗಳ ಪಟ್ಟಿಯನ್ನೊಮ್ಮೆ ನೋಡಿ. 1910ರಲ್ಲಿ ವಿದ್ಯಾಸಂಸ್ಥೆ, ಇಂದು ಬಿ.ಎಲ್.ಡಿ.ಇ. ಎಂದು ಹೆಸರಾದದ್ದು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕು. 1925ರಲ್ಲಿ ಹಿತಚಿಂತಕ ಮುದ್ರಣಾಲಯ. 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ಹದಿನೇಳು ವರ್ಷಗಳಲ್ಲಿ ಐದು ಸಂಸ್ಥೆಗಳು. ಯಾವುದೂ ಅವರಿಗೆ ಹಣ ತಂದುಕೊಡಲಿಲ್ಲ.

ಅವರಿಗೆ ಪ್ರೇರಣೆ ಯಾವುದು? ಮಠಗಳಲ್ಲಿ, ಮನೆಗಳ ಅಟ್ಟಗಳಲ್ಲಿ ವಚನಗಳ ತಾಳೆಗರಿಯ ಕಟ್ಟುಗಳು ಹುಳು ತಿಂದು ಹೋಗುತ್ತಿದ್ದವು. ಅದನ್ನು ಕಂಡು ಸುಮ್ಮನಿರುವುದು ಅವರಿಂದಾಗಲಿಲ್ಲ. ಊರೂರು ತಿರುಗಿ ಪ್ರತಿಗಳನ್ನು ಕೂಡಿಹಾಕಿದರು. ಅಚ್ಚು ಹಾಕಿಸಲು ಹೊರಟಾಗ ಮುದ್ರಕರು ಸುಲಭವಾಗಿ ಸಿಗಲಿಲ್ಲ. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪ್ರತಿ ಪುಸ್ತಕಕ್ಕೂ ಪರಸ್ಥಳದ ಮುದ್ರಣಾಲಯದ ಬಾಗಿಲು ಕಾಯುವುದಕ್ಕಿಂತ ತಾವೇ ಯಂತ್ರ ತರುವುದು ಲೇಸೆಂದು ಕಂಡಿತು. ಅದಕ್ಕಾಗಿ ಅವರು ಮನೆ ಮಾರಿದರೆಂಬುದು ವಿಜಯಪುರದ ಜನ ಇಂದಿಗೂ ಹೇಳುವ ಮಾತು. ಅದುವರೆಗೆ ಕೆಲವೇ ಶರಣರ ಹೆಸರು ತಿಳಿದಿದ್ದ ಕನ್ನಡಿಗರಿಗೆ ಇನ್ನೂರಕ್ಕೂ ಹೆಚ್ಚು ವಚನಕಾರರ ಪರಿಚಯವಾದದ್ದು ಆ ದುಡಿಮೆಯಿಂದ. ಶುಂಪೀಟರ್ ಹೇಳಿದ ಚಿಕ್ಕ ರಾಜ್ಯ ಕಟ್ಟುವ ಕನಸು ಇಲ್ಲಿ ಇರಲಿಲ್ಲ. ಕಣ್ಣೆದುರು ನಾಶವಾಗುತ್ತಿದ್ದ ಒಂದು ಸಂಪತ್ತನ್ನು ಕುರಿತ ತಳಮಳ ಇತ್ತು.

ಈ ತಳಮಳದ ಮನುಷ್ಯ ಮುದ್ರಣಾಲಯಕ್ಕೆ ಹದಿಮೂರು ವರ್ಷ ಮೊದಲೇ ಬ್ಯಾಂಕು ಸ್ಥಾಪಿಸಿದ್ದನ್ನು ಗಮನಿಸಬೇಕು. ವಿದ್ಯೆ ಮತ್ತು ಪತ್ತು, ಇವೆರಡೂ ಇಲ್ಲದ ಊರಿನಲ್ಲಿ ಬೇರೆ ಯಾವುದೂ ಬೇರು ಬಿಡಲಾರದೆಂದು ಅವರು ಕಂಡುಕೊಂಡಿದ್ದರು. ತಮ್ಮ ಮಟ್ಟಿಗೆ ಆಸರೆಯಿಲ್ಲದೆ ಮನೆ ಮಾರಿಕೊಂಡವರು ಊರಿಗೆ ಆಸರೆ ಕಟ್ಟಿಟ್ಟು 1964ರಲ್ಲಿ ತೀರಿಕೊಂಡರು.

ಮರಳಿ ತಿಕೋಟಾದ ದಾರಿಗೆ ಬರೋಣ. 2018ರ ವೇಳೆಗೆ ತಿಕೋಟಾ, ಬಬಲೇಶ್ವರ ಎರಡೂ ಬೇರೆ ಬೇರೆ ತಾಲ್ಲೂಕುಗಳಾದವು. ಅದಕ್ಕೆ ಮೊದಲು ಎರಡೂ ವಿಜಯಪುರ ತಾಲ್ಲೂಕಿನವೇ. ತಿಕೋಟಾದ ಪಶ್ಚಿಮಕ್ಕೆ ಮಹಾರಾಷ್ಟ್ರದ ಜತ್ತ ತಾಲ್ಲೂಕು. ಗಡಿ ನಕ್ಷೆಯಲ್ಲಿದೆ, ಜನರ ಮಾತು, ನಂಟಸ್ತಿಕೆ ಎರಡೂ ಕಡೆ ಒಂದೇ. ಸಾಂಗಲಿಯ ತಾಸಗಾಂವ, ಸೊಲ್ಲಾಪುರದ ನಾನ್ನಜ ಸೀಮೆಗಳಲ್ಲಿ ದ್ರಾಕ್ಷಿ ಮೊದಲೇ ಬೆಳೆದಿತ್ತು. ಥಾಮ್ಸನ್ ಎಂಬ ಬೀಜವಿಲ್ಲದ ತಳಿಗೆ ಹೆಸರು ಬಂದದ್ದು ಕ್ಯಾಲಿಫೋರ್ನಿಯಾದ ಒಬ್ಬ ಬೆಳೆಗಾರನಿಂದ. ತಳಿ ಮಾತ್ರ ಪಶ್ಚಿಮ ಏಷ್ಯಾದ ಹಳೆಯ ಕಿಸ್‌ಮಿಸ್ಸೇ. ಅದರ ಬಳ್ಳಿಯಲ್ಲಿ ಉದ್ದನೆಯ ಕಾಯಿಯ ಒಂದು ಬದಲಾವಣೆಯನ್ನು ಗುರುತಿಸಿ ‘ಸೋನಾಕಾ’ ತಳಿಯನ್ನು ಬೆಳಕಿಗೆ ತಂದವರು ನಾನ್ನಜದ ರೈತ ನಾನಾಸಾಹೇಬ ಕಾಳೆ. ಪ್ರಯೋಗಶಾಲೆಯವರಲ್ಲ, ತಮ್ಮ ಪಡದಲ್ಲಿ ದಿನವೂ ಓಡಾಡುತ್ತಿದ್ದ ಒಕ್ಕಲಿಗರು. ಪಡವೆಂದರೆ ನಮ್ಮ ಕಡೆ ದ್ರಾಕ್ಷಿಯ ತೋಟ.

ನೆಂಟರ ಮನೆಗೆ ಹೋದವನು ಅಲ್ಲಿಯ ಪಡವನ್ನು ಕಣ್ಣಾರೆ ನೋಡಿ ಬಂದ. ಮೊದಲು ಒಬ್ಬ ಹಚ್ಚಿದ. ನೆರೆಯವನು ಎರಡು ವರ್ಷ ಕಾದು ನೋಡಿ ತಾನೂ ಹಚ್ಚಿದ. ಪುಸ್ತಕದಲ್ಲಿ ಓದಿದ ಯಶಸ್ಸಿಗಿಂತ ಬದುವಿನಾಚೆ ಕಂಡ ಯಶಸ್ಸಿಗೆ ಬಲ ಹೆಚ್ಚು. ಎಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಬಳ್ಳಿ ಸವರುವ ‘ಚಾಟ್ನಿ’ ಕೆಲಸವನ್ನು ಜನ ಕಲಿತರು. ಬರವನ್ನೂ ಸವಳು ನೀರನ್ನೂ ತಾಳಬೇಕೆಂದು, ಅಮೆರಿಕದ ಟೆಕ್ಸಾಸ್ ಕಡೆಯ ಕಾಡುದ್ರಾಕ್ಷಿಯಿಂದ ಬಂದ ಡಾಗ್‌ರಿಜ್ ಬೇರಿನ ಮೇಲೆ ನಮ್ಮ ಬಳ್ಳಿಯನ್ನು ಕಸಿ ಕಟ್ಟುವುದು ರೂಢಿಗೆ ಬಂತು.

ಇಲ್ಲಿ ಒಂದು ವಿಚಿತ್ರ ನಡೆಯಿತು. ಹಣ್ಣನ್ನು ದೂರದ ಪೇಟೆಗೆ ಕಳುಹಿಸಿದರೆ ಕೊಳೆಯುವ ಭಯ. ದರ ಇಳಿದರೆ ಕಿತ್ತು ಮಾರದೆ ಗತಿಯಿಲ್ಲ. ಒಣಗಿಸಿದರೆ ಕಾಯಬಹುದು. ಪೊಟ್ಯಾಸಿಯಂ ಕಾರ್ಬೊನೇಟನ್ನೂ ಒಂದು ಬಗೆಯ ಎಣ್ಣೆಯನ್ನೂ ಕಲಸಿದ ನೀರಿನಲ್ಲಿ ಗೊಂಚಲನ್ನು ಕೆಲವು ನಿಮಿಷ ಅದ್ದಿ ತೆಗೆಯುತ್ತಾರೆ. ಸಿಪ್ಪೆಯ ಮೇಲಿನ ಮೇಣದ ಪೊರೆ ಸಡಿಲಗೊಂಡು ಒಳಗಿನ ನೀರು ಬೇಗ ಹೊರಬೀಳುತ್ತದೆ. ಆಮೇಲೆ ನೆರಳಿನಲ್ಲಿ ಹರವುತ್ತಾರೆ. ಸುಮಾರು 4 ಕಿಲೊ ಹಣ್ಣಿಗೆ 1 ಕಿಲೊ ಮನೂಕ. ಈ ಕೆಲಸಕ್ಕೆ ಬೇಕಾದುದು ಒಣಗಾಳಿ, ತೇವವಿಲ್ಲದ ಮಾಘ ಫಾಲ್ಗುಣದ ಬಿಸಿಲು, ಮೋಡವಿಲ್ಲದ ಮುಗಿಲು. ಯಾವ ಗಾಳಿ ಅಜ್ಜನ ಜೋಳವನ್ನು ಸುಟ್ಟಿತ್ತೋ ಅದೇ ಗಾಳಿ ಮೊಮ್ಮಗನ ದ್ರಾಕ್ಷಿಯನ್ನು ಒಣಗಿಸಿ ಕೊಟ್ಟಿತು. ಬರದ ನಾಡು ಬರವನ್ನೇ ಬಂಡವಾಳ ಮಾಡಿಕೊಂಡಿತು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಸುಂದರವಾದ ಕಥೆ. ಆದರೆ ಅರ್ಧ ಸತ್ಯ. ಉಳಿದ ಅರ್ಧವನ್ನು ಹೇಳಲು ನನ್ನ ಸ್ವಂತ ಅನುಭವವೊಂದನ್ನು ಹೇಳಬೇಕಾಗಿದೆ, ಶ್ರೋತೃಗಳು ಕ್ಷಮಿಸಬೇಕು.

1990ರ ದಶಕದಲ್ಲಿ ಈ ಸೀಮೆಯ ಇಬ್ಬರು ಹುಡುಗರು ನನ್ನ ಕೈಯಲ್ಲಿ ಬಿ.ಎ. ಓದಿದರು. ಇಬ್ಬರೂ ಜಾಣರು, ಗಟ್ಟಿ ಎದೆಯವರು. ಪದವಿ ಮುಗಿದ ಮೇಲೆ ಇಬ್ಬರೂ ದ್ರಾಕ್ಷಿ ಹಚ್ಚುತ್ತೇವೆಂದರು. ಒಕ್ಕಲುತನ ಉತ್ತಮ, ವ್ಯಾಪಾರ ಮಧ್ಯಮ, ಚಾಕರಿ ಕನಿಷ್ಠ ಎಂದು ಹಿರಿಯರು ಹೇಳುತ್ತಿದ್ದುದು ನನಗೆ ಗೊತ್ತಿತ್ತು. ಚಾಕರಿಯಲ್ಲಿದ್ದ ನಾನು ಆ ಕ್ರಮವನ್ನು ತಿರುವುಮುರುವು ಮಾಡಿ, ನೌಕರಿ ಹುಡುಕಿಕೊಳ್ಳಿರೆಂದು ಬುದ್ಧಿ ಹೇಳಿದೆ. ಕೇಳಲಿಲ್ಲ. ‘ಧೈರ್ಯವಿದೆಯೇನಯ್ಯಾ?’ ಎಂದು ಕೇಳಿದೆ. ಇಬ್ಬರೂ ಇದೆಯೆಂದರು, ಅದು ಸುಳ್ಳಾಗಿರಲಿಲ್ಲ.

2001ರಿಂದ 2004ರವರೆಗೆ ಒಂದರ ಮೇಲೊಂದು ಬರ ಬಂತು. ಕೊಳವೆಬಾವಿಗಳು ಬತ್ತಿದವು. ಬಳ್ಳಿಯ ಜೀವ ಉಳಿಸಲು ಜನ ಟ್ಯಾಂಕರಿನಲ್ಲಿ ನೀರು ಕೊಂಡು ತಂದು ಬುಡಕ್ಕೆ ಹಾಕಿದರು. ಮೊದಲನೆಯವನ ತಂದೆ ಸಹಕಾರಿ ಸಂಘದ ಹಳೆಯ ಸದಸ್ಯರು. ಸಾಲದ ಕಂತು ಮುಂದಕ್ಕೆ ಹೋಯಿತು. ಅಣ್ಣ ಶಾಲಾಮಾಸ್ತರ, ಅವನ ಸಂಬಳದಲ್ಲಿ ಮನೆ ನಡೆಯಿತು. ಜತ್ತದ ಸೋದರಮಾವ ಬಡ್ಡಿಯಿಲ್ಲದೆ ಹಣ ಕೊಟ್ಟ. ಅರ್ಧ ಬಳ್ಳಿ ಸತ್ತವು, ಅರ್ಧ ಉಳಿದವು. ಇಂದು ಅವನಿಗೆ ಎರಡು ಮನೂಕದ ಶೆಡ್ಡುಗಳಿವೆ. ಎರಡನೆಯವನ ಹೊಲ ಅಣ್ಣತಮ್ಮಂದಿರಲ್ಲಿ ಹಿಸ್ಸೆಯಾಗಿರಲಿಲ್ಲ. ಉತಾರಿನಲ್ಲಿ ಅವನ ಹೆಸರಿರಲಿಲ್ಲ. ಅವನಿಗೆ ಬ್ಯಾಂಕಿನ ಸಾಲ ಸಿಗಲಿಲ್ಲ. ಕೈಗಡ ತಂದಿದ್ದ, ತಿಂಗಳ ಬಡ್ಡಿಗೆ. ಟ್ಯಾಂಕರಿನ ನಾಲ್ಕನೆಯ ವಾರಕ್ಕೆ ಕೈ ಬರಿದಾಯಿತು. ಬಳ್ಳಿ ಒಣಗಿದ ಮೇಲೆ ಕಲ್ಲುಕಂಬ, ತಂತಿಗಳನ್ನು ಕಿತ್ತು ಮಾರಿ, ಹೆಂಡತಿ ಮಕ್ಕಳೊಂದಿಗೆ ಗೋವೆಗೆ ದುಡಿಯಲು ಹೋದ.

ನಾನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು. ‘ಧೈರ್ಯವಿದೆಯೆ?’ ಎಂದು ಕೇಳುವ ಬದಲು ‘ಬಿದ್ದರೆ ಹಿಂದೆ ಯಾರಿದ್ದಾರೆ?’ ಎಂದು ಕೇಳಬೇಕಾಗಿತ್ತು. ಆಗ ಎರಡನೆಯವನ ಹೊಲದ ಹಿಸ್ಸೆಯನ್ನು ಮೊದಲು ಮಾಡಿಸಿಕೊಡಲು ನಾಲ್ಕು ಜನ ಹಿರಿಯರನ್ನು ಕೂಡಿಸಬಹುದಾಗಿತ್ತು. ಅಷ್ಟು ಕೆಲಸ ನನ್ನಿಂದ ಆಗುತ್ತಿತ್ತು. ಆಗ ನನಗೆ ಹೊಳೆಯಲಿಲ್ಲ. ಕಾಕಿನಾಡದಲ್ಲಿ ಕಂಡ ಸಂಗತಿಯೂ ಇದೇ ಅಲ್ಲವೆ? ಮನಸ್ಸನ್ನು ಹುರಿದುಂಬಿಸಿದ್ದು ಫಲಿಸಿದ್ದು ಯಾರ ಕೈಯಲ್ಲಿ ಅಧಿಕಾರವಿತ್ತೋ ಅವರಲ್ಲಿ.

ಮುಂದೆ ನೀರು ಬಂತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು ಮುಗಿಯಲು ನಾಲ್ಕು ದಶಕಗಳೇ ಹಿಡಿದವು. ಅದಕ್ಕಾಗಿ ಎಷ್ಟೋ ಊರುಗಳು ಮುಳುಗಿದವು. ಕೃಷ್ಣೆಯ ನೀರು ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳ ಮೂಲಕ ಈ ಎತ್ತರದ ನೆಲವನ್ನು ಮುಟ್ಟಿದ್ದು 2010ರ ದಶಕದಲ್ಲಿ. ಕೆರೆಗಳನ್ನು ತುಂಬಿಸುವ ಕೆಲಸ ನಡೆಯಿತು. ಆದಿಲಶಾಹಿ ಕಾಲದ ಮಮದಾಪುರದ ಕೆರೆಗೂ ಹೊಸ ನೀರು ಸೇರಿತು. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಲ್ಲಿ ನೀರು ಏರುತ್ತದೆ. ಬಬಲೇಶ್ವರದ ಕಡೆ ಹೊಸ ತೋಟಗಳು ಎದ್ದದ್ದು ಆಮೇಲೆ. ಸುಲ್ತಾನನ ಪೇಟೆಗೆ ಯಾವುದು ಆಧಾರವಾಗಿತ್ತೋ ಇಂದಿನ ಪಡಕ್ಕೂ ಅದೇ ಆಧಾರ.

ಆಸರೆ ಎಂದರೆ ಎಲ್ಲ ಗಂಡಾಂತರಗಳಿಂದ ಬಿಡುಗಡೆ ಎಂದಲ್ಲ. ಹಣ್ಣು ಬಲೆಯ ಮೇಲಿರುವಾಗ ಒಂದು ಅಕಾಲದ ಮಳೆ, ಒಂದು ಆಲಿಕಲ್ಲಿನ ಸಂಜೆ ಬಂದರೆ ವರ್ಷದ ದುಡಿಮೆ ಕಪ್ಪಾಗುತ್ತದೆ. ಮನೂಕದ ದರ ಇಳಿದ ವರ್ಷ ಶೀತಗೃಹದ ಬಾಡಿಗೆಯೂ ಭಾರ. ಇನ್ನೂ ಒಂದು ಮಾತು. ಗೊಂಚಲು ಬಿಡಿಸುವವರು, ಮನೂಕ ಆರಿಸುವವರು ಬಹುಮಟ್ಟಿಗೆ ಹಳ್ಳಿಗಳ, ತಾಂಡಾಗಳ ಹೆಣ್ಣುಮಕ್ಕಳು. ಪಡದ ಯಜಮಾನನಿಗೆ ನಷ್ಟವಾದಾಗ ಅವರಿಗೆ ಕೂಲಿ ನಿಲ್ಲುತ್ತದೆ; ಲಾಭವಾದಾಗ ಕೂಲಿ ಅಷ್ಟೇ ಇರುತ್ತದೆ. ಅವರ ಬೆನ್ನ ಹಿಂದೆ ಯಾರಿದ್ದಾರೆಂದು ಕೇಳುವವರು ಕಡಿಮೆ.

ಬಸವಣ್ಣನವರು ಹುಟ್ಟಿದ ಬಾಗೇವಾಡಿ ಇದೇ ಜಿಲ್ಲೆಯದು. ಶರಣರ ಹೆಸರುಗಳಲ್ಲಿ ಅವರ ದುಡಿಮೆಯೇ ಅಂಟಿಕೊಂಡಿದೆ: ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆ ಮಾರುವ ಮೋಳಿಗೆಯ ಮಾರಯ್ಯ, ನೂಲುವ ಕದಿರ ರೆಮ್ಮವ್ವೆ. ಆಯ್ದಕ್ಕಿ ಮಾರಯ್ಯನ ಕಥೆ ತಮಗೆ ಗೊತ್ತಿರುವುದೇ. ಒಂದು ದಿನ ಆತ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದಳು. ಜರ್ಮನಿಯ ವೇಬರ್ ದುಡಿಮೆಯ ನೀತಿಗೂ ಬಂಡವಾಳಕ್ಕೂ ಇರುವ ನಂಟನ್ನು 1904–05ರಲ್ಲಿ ವಿವರಿಸಿದಾಗ ಮಿತವ್ಯಯದಿಂದ ಹಣ ಕೂಡಿಬಿದ್ದು ಬೆಳೆಯುವುದನ್ನು ಕಂಡಿದ್ದ. ನಮ್ಮ ಕಾಯಕದ ಜೊತೆಗೆ ದಾಸೋಹವೂ ಇದೆ, ಕೂಡಿಬಿದ್ದುದು ಹಂಚಿಹೋಗಬೇಕು. ಇದನ್ನು ನಾನು ಭಕ್ತಿಯ ಮಾತಾಗಿ ಮಾತ್ರ ಹೇಳುತ್ತಿಲ್ಲ. ಹಂಚಿದ ಹಣವೇ ಮುಂದಿನವನಿಗೆ ಆಸರೆ. ಜತ್ತದ ಆ ಸೋದರಮಾವ ಬಡ್ಡಿಯಿಲ್ಲದೆ ಕೊಟ್ಟ ಹಣ, ಊರಿನವರು ಪಾಲು ಹಾಕಿ ಕಟ್ಟಿದ ಬ್ಯಾಂಕು, ಎಲ್ಲರ ತೆರಿಗೆಯಿಂದ ತುಂಬಿದ ಕೆರೆ, ಇವುಗಳಿಂದಲೇ ಒಬ್ಬನ ಪಡ ಉಳಿಯುತ್ತದೆ. ಗೆದ್ದವನು ತಾನೊಬ್ಬನೇ ಗೆದ್ದೆನೆಂದು ತಿಳಿದರೆ ಲೆಕ್ಕ ತಪ್ಪಿದಂತೆ.

ಇಂದು ಕಾಲೇಜುಗಳಲ್ಲಿ ತರುಣರನ್ನು ಕೂರಿಸಿ ಧೈರ್ಯ ಮಾಡಿ, ಕನಸು ಕಾಣಿ ಎಂದು ಉಪನ್ಯಾಸ ಮಾಡುವವರು ಬಹಳ. ನಾನೂ ಮಾಡಿದವನೇ. ನಮ್ಮ ತರುಣರಲ್ಲಿ ಕನಸಿಗೆ ಬರವಿಲ್ಲ. ಹೊಲದ ಕಾಗದ ನೇರ್ಪಾಗಿದೆಯೆ, ಬೆಳೆಯ ವಿಮೆ ಸಕಾಲಕ್ಕೆ ಸಿಗುತ್ತದೆಯೆ, ಒಮ್ಮೆ ಸೋತವನಿಗೆ ಎರಡನೆಯ ಸಾಲ ಕೊಡುವವರಿದ್ದಾರೆಯೆ ಎಂದು ಉಪನ್ಯಾಸಕರೂ ಅಧಿಕಾರಿಗಳೂ ಊರ ಹಿರಿಯರೂ ಕೇಳಿಕೊಳ್ಳುವುದು ಮೇಲು.

ಕಳೆದ ಅಕ್ಟೋಬರ್‌ನಲ್ಲಿ ತಿಕೋಟಾಕ್ಕೆ ಹೋಗಿದ್ದೆ. ಚಾಟ್ನಿಯ ಕಾಲ. ರಸ್ತೆಯ ಬದಿಯ ಪಡದಲ್ಲಿ ಕತ್ತರಿ ಹಿಡಿದು ಬಳ್ಳಿ ಸವರುತ್ತಿದ್ದವನೊಬ್ಬ ನನ್ನ ಗುರುತು ಹಿಡಿದು ಓಡಿಬಂದ. ನನ್ನ ಎರಡನೆಯ ವಿದ್ಯಾರ್ಥಿ. ಗೋವೆಯಿಂದ ಬಂದು ಕೆಲವು ವರ್ಷಗಳಾದವಂತೆ. ಈಗ ಚಾಟ್ನಿಯ ಕೆಲಸಕ್ಕೆ ಅವನನ್ನೇ ಹುಡುಕಿಕೊಂಡು ಬರುತ್ತಾರಂತೆ. ‘ಮತ್ತೆ ಸ್ವಂತ ಪಡ ಹಚ್ಚುವ ಮನಸ್ಸಿಲ್ಲವೇನಪ್ಪಾ?’ ಎಂದೆ. ಅವನು ನಕ್ಕ. ‘ಮನಸ್ ಅದರಿ, ಸರ. ಮನಸ್ ಯಾವಾಗ್ಲೂ ಅದರಿ. ಈ ಸಲ ಬಿದ್ರ ಎಬ್ಬಸವ್ರು ಯಾರ್ ಅದಾರ್ರಿ?’ ಎಂದು ಕೇಳಿದ.

ಅವನಿಗೆ ಕೊಡಲು ನನ್ನಲ್ಲಿ ಆಗ ಉತ್ತರವಿರಲಿಲ್ಲ. ಹೊಲದ ಹಿಸ್ಸೆಯ ಮಾತನ್ನು ಎತ್ತಲು ಮುಂದಿನ ವಾರ ಮತ್ತೆ ಅವನ ಊರಿಗೆ ಹೋಗಿ ಬಂದೆ. ಇಪ್ಪತ್ತು ವರ್ಷ ತಡವಾಗಿ.